ಬೆರಳಿಗೆ ಕಟ್ಟಿದ ತೂಕ

ನೆರೂಳ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿಗೆ ಬರುವಷ್ಟರಲ್ಲಿ ಪೂವಪ್ಪ ತೀರ್ಮಾನ ಮಾಡಿಬಿಟ್ಟಿದ್ದ: ಇವತ್ತು ಬಲಗೈಯನ್ನು ಕಿಸೆಯಲ್ಲಿ ಅಡಗಿಸುವುದಿಲ್ಲ. ನೋಡುವವರು ನೋಡಲಿ. ಕಳ್ಳನ ಹಾಗೆ ಕೈ ಮುಚ್ಚಿಕೊಂಡು ಓಡಾಡಿದ ಐದು ತಿಂಗಳು ಸಾಕು. ಕೈಗೆ ಕಪ್ಪು ಬಟ್ಟೆಯ ಗವಸು, ಅದರಿಂದ ಹೊರಟು ಒಂದೊಂದು ಬೆರಳನ್ನೂ ಸುತ್ತಿಕೊಂಡ ಪಟ್ಟಿ, ಪಟ್ಟಿಯ ಮೇಲೆ ಪುಟ್ಟ ಪುಟ್ಟ ಜೇಬು, ಜೇಬುಗಳೊಳಗೆ ಹತ್ತು ಗ್ರಾಮಿನ ಉಕ್ಕಿನ ಬಿಲ್ಲೆಗಳು. ಬೇಕಾದರೆ ಬಿಲ್ಲೆ ಹೆಚ್ಚಿಸಬಹುದು, ಬೇಡವಾದರೆ ತೆಗೆದಿಡಬಹುದು. ಫಿಸಿಯೋ ಹೇಳಿದ್ದು ಬೆರಳಿಗೆ ಎರಡು ಬಿಲ್ಲೆ. ಪೂವಪ್ಪ ಹಾಕಿಕೊಂಡದ್ದು ಐದು. ಥಾಣೆಯ ಕಡೆ ಹೋಗುವ ಗಾಡಿ ಬಂದು ನಿಂತಾಗ ಬಾಗಿಲ ಕಂಬವನ್ನು ಆ ಕೈಯಿಂದಲೇ ಹಿಡಿದು ಹತ್ತಿದ. ಹಿಡಿತ ಗಟ್ಟಿಯಾಗಿತ್ತು. ಎಷ್ಟು ಗಟ್ಟಿಯೆಂದರೆ ಗಾಡಿಯನ್ನೇ ತಾನು ಎಳೆದುಕೊಂಡು ಹೋಗುತ್ತಿದ್ದೇನೆ ಎಂದು ಒಂದು ಗಳಿಗೆ ಅನ್ನಿಸಿ, ಐವತ್ತೊಂಬತ್ತರ ಗಂಡಸಿಗೆ ಇಂಥ ಯೋಚನೆ ತರವಲ್ಲ ಎಂದು ತನಗೇ ನಗು ಬಂತು. ಹನ್ನೊಂದು ಗಂಟೆಯ ಗಾಡಿಯಲ್ಲಿ ಜನ ಕಡಿಮೆ. ಎದುರು ಕೂತ ಹುಡುಗ ಕಿವಿಯಿಂದ ಹಾಡು ಕೇಳುವ ಒಂದು ಗುಂಡಿ ಕಿತ್ತು, "ಅಂಕಲ್, ಬಾಕ್ಸಿಂಗ್ ಕರ್ತೇ ಹೋ ಕ್ಯಾ?" ಎಂದ. ನಿನ್ನೆಯಾಗಿದ್ದರೆ ಪೂವಪ್ಪ ಮುಖ ತಿರುಗಿಸುತ್ತಿದ್ದ. ಇವತ್ತು, "ಹೋಟೆಲ್ ಮೇ ಕಾಮ್ ಕರ್ತಾ ಹೂಂ. ಉಸ್ ಸೇ ಭೀ ಭಾರೀ," ಎಂದ. ಹುಡುಗನಿಗೆ ಏನು ಅರ್ಥವಾಯಿತೋ, ಗುಂಡಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

ಭಾರ ಎನ್ನುವುದು ಪೂವಪ್ಪನಿಗೆ ತಿಳಿದ ಸಂಗತಿ. ಅಳೆಯಬಹುದು, ಹೆಚ್ಚಿಸಬಹುದು, ಬೆಳಿಗ್ಗೆ ಇಷ್ಟಿತ್ತು ಸಂಜೆಗೆ ಇಷ್ಟಾಯಿತು ಎಂದು ಹೇಳಬಹುದು. ಮೊದಲ ವಾರ ಎರಡು ಬಿಲ್ಲೆಗೇ ತೋರುಬೆರಳು ಮೇಜಿನಿಂದ ಏಳುತ್ತಿರಲಿಲ್ಲ; ಸತ್ತ ಹಲ್ಲಿಯ ಹಾಗೆ ಬಿದ್ದುಕೊಂಡಿತ್ತು. ಈಗ ಐದು ಬಿಲ್ಲೆ ಹೊತ್ತು ಒಂದೇ ಉಸಿರಿಗೆ ಇಪ್ಪತ್ತು ಸಲ ಏಳುತ್ತದೆ. ಮಗ ಜಯೇಶ್ ಇದನ್ನು ಮೊಬೈಲಿನಲ್ಲಿ ನೋಡಿ ತರಿಸಿಕೊಟ್ಟಾಗ ಅಪ್ಪಿ, "ಮನುಷ್ಯನ ಬೆರಳಿಗೆ ತೂಕ ಕಟ್ಟುವುದು ಎಲ್ಲಿಯಾದರೂ ಉಂಟಾ, ಹಟ ಮಾಡುವ ದನದ ಕೊರಳಿಗೆ ಮರದ ತುಂಡು ಕಟ್ಟಿದ ಹಾಗೆ," ಎಂದು ಮುಸಿಮುಸಿ ನಕ್ಕಿದ್ದಳು. ಹೆಂಡತಿ ನಕ್ಕದ್ದಕ್ಕೇ ಪೂವಪ್ಪನಿಗೆ ಹಟ ಬಂದದ್ದು. ಫಿಸಿಯೋದ ಹುಡುಗಿ ದಿಶಾ ಮಾತ್ರ ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬೇರೆಯೇ ಕೆಲಸ ಹೇಳುತ್ತಿದ್ದಳು. ಕಣ್ಣು ಮುಚ್ಚಿ ಅಂಕಲ್, ಈಗ ಮುಟ್ಟಿದ್ದು ಹತ್ತಿಯಾ, ಬಾಚಣಿಗೆಯಾ? ಮಂಗಳೂರಿನ ಕಡೆಯವರ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. "ತಾಕತ್ ತೋ ಆ ಜಾಯೇಗೀ ಅಂಕಲ್. ಲೇಕಿನ್ ನಸ್ ಕೋ ಟೈಮ್ ಲಗ್ತಾ ಹೈ. ಸ್ಪರ್ಶ್ ಸಬ್ ಸೇ ಲಾಸ್ಟ್ ಮೇ ಆತಾ ಹೈ." ಬಲ ಬಂದುಬಿಡುತ್ತದಂತೆ, ನರಕ್ಕೆ ಸಮಯ ಬೇಕಂತೆ, ಸ್ಪರ್ಶ ಬರುವುದು ಎಲ್ಲಕ್ಕಿಂತ ಕೊನೆಗಂತೆ. ಹತ್ತಿ, ಬಾಚಣಿಗೆ, ಗೋಲಿ, ಅಂಗಿಯ ಗುಂಡಿ, ಎಲ್ಲ ಬಾಲವಾಡಿಯ ಆಟ. ಮೂವತ್ತನಾಲ್ಕು ವರ್ಷ ತುರ್ಭೆಯಲ್ಲಿ ಲಾರಿಯವರಿಗೂ ಹಮಾಲರಿಗೂ ಊಟ ಬಡಿಸಿದ ಕೈಗೆ ಹತ್ತಿಯ ಪರೀಕ್ಷೆ. ಪೂವಪ್ಪ ಕಣ್ಣು ಮುಚ್ಚಿದಂತೆ ಮಾಡಿ ರೆಪ್ಪೆಯ ಸಂದಿನಿಂದ ನೋಡಿ "ಹತ್ತಿ" ಎನ್ನುತ್ತಿದ್ದ, "ಬಾಚಣಿಗೆ" ಎನ್ನುತ್ತಿದ್ದ. ದಿಶಾ ಖುಷಿಯಿಂದ ಬರೆದುಕೊಳ್ಳುತ್ತಿದ್ದಳು. ಹಾಗೆ ನೋಡಿದ್ದು ಮೋಸವೆಂದು ಅವನಿಗೆ ಗೊತ್ತಿತ್ತು. ಆದರೆ ಯಾರಿಗೆ ಮೋಸ? ಕೈ ತನ್ನದು, ಕಣ್ಣೂ ತನ್ನದು.

ಕೈ ಕೆಟ್ಟದ್ದು ಹೋಟೆಲಿನ ಕೆಲಸದಲ್ಲೇ, ಆದರೆ ದೊಡ್ಡದಾಗಿ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಸೋಪಿನ ನೊರೆ ತುಂಬಿದ ತೊಟ್ಟಿಯೊಳಗೆ ಲೋಟ ಹುಡುಕಲು ಕೈ ಹಾಕಿದ. ಅಡಿಯಲ್ಲಿ ಒಡೆದ ಲೋಟವೊಂದು ಬಾಯಿ ತೆರೆದುಕೊಂಡು ಕೂತಿತ್ತು. ನೊರೆ ಕೆಂಪಾದಾಗಲೇ ಗೊತ್ತಾದದ್ದು. ಹೊಲಿಗೆ ಹಾಕಿದ ಡಾಕ್ಟರು ನರವನ್ನೂ ಜೋಡಿಸಿದ್ದೇನೆ ಎಂದರು. ಆಮೇಲಿನ ತಿಂಗಳುಗಳಲ್ಲಿ ಪೂವಪ್ಪನನ್ನು ತಿಂದದ್ದು ನೋವಲ್ಲ, ಚಮಚ. ಸೀವುಡ್ಸಿನ ಸಭಾಭವನದಲ್ಲಿ ಅಪ್ಪಿಯ ಅಣ್ಣನ ಮಗಳ ಮದುವೆ. ಬಾಳೆಲೆಯ ಮುಂದೆ ಕೂತ ನೂರು ಜನರ ನಡುವೆ ಅವನೊಬ್ಬನೇ ಎಡಗೈಯಲ್ಲಿ ಚಮಚ ಹಿಡಿದು ಅನ್ನದ ಗುಡ್ಡೆಯನ್ನು ಅಗೆಯುತ್ತ ಕೂತಿದ್ದ. ಸಾರು ಎಲೆಯ ಅಂಚಿಗೆ ಓಡಿತು, ಅವನು ಚಮಚದಿಂದ ಅದನ್ನು ಅಟ್ಟಿಸಿಕೊಂಡು ಹೋದ. ಎದುರು ಪಂಕ್ತಿಯ ಯಾರೋ, "ಪೂವಪ್ಪಣ್ಣ ಭಾರಿ ದೊಡ್ಡ ಜನ ಆದದ್ದಲ್ವಾ, ಚಮಚವೇ ಬೇಕು," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ತಿರುಗಿ ಒಂದು ಕೊಡಬಹುದಿತ್ತು. ಪಾಯಸ ಬರುವ ಮೊದಲೇ ಎದ್ದ, ಕೈ ತೊಳೆಯಲು ಸಾಲಿನಲ್ಲಿ ನಿಂತ. ತೊಳೆಯಲು ಆ ಕೈಯಲ್ಲಿ ಏನೂ ಇರಲಿಲ್ಲ.

ಜುಯಿನಗರ ದಾಟಿತು. ಪೂವಪ್ಪ ಎಡಗೈಯಿಂದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಗವಸು ಕಳಚಿ ಕಿಸೆಗೆ ಹಾಕಿಕೊಂಡ. ತೂಕ ಕಳಚಿದ ಬೆರಳುಗಳು ಹಗುರವಾಗಿ, ತಾವಾಗಿಯೇ ಮೇಲೇಳುತ್ತವೇನೋ ಎಂಬಂತಾದವು. ಈ ಹಗುರತನವೇ ಅವನ ಭರವಸೆ. ಈ ಗಳಿಗೆಯಲ್ಲಿ ಕೈಯಲ್ಲಿ ಏನು ಕೊಟ್ಟರೂ ಹೊತ್ತಾನು. ಕೆಲಸ ಮರಳಿ ಪಡೆಯಲು ಅವನು ಹೊರಬೇಕಾದದ್ದು ನಾಲ್ಕು ಲೋಟ ನೀರು ಮಾತ್ರ. ಅಷ್ಟೇ ಎಂದರೆ ಅಷ್ಟೇ. ಆದರೆ ಒಂದೇ ಕೈಯಲ್ಲಿ, ನಾಲ್ಕು ಗಾಜಿನ ಲೋಟ, ಹೆಬ್ಬೆರಳು ಒಂದರ ಅಂಚಿಗೆ, ಉಳಿದ ಬೆರಳುಗಳು ಉಳಿದವುಗಳ ಅಂಚಿಗೆ, ನಾಲ್ಕೂ ಲೋಟ ಒಂದೇ ತೊಟ್ಟಿನ ಹೂವುಗಳಂತೆ ನಿಲ್ಲಬೇಕು. ನೀರಿನ ತೊಟ್ಟಿಯಿಂದ ಕೊನೆಯ ಟೇಬಲ್ಲಿನವರೆಗೆ ನೆಲಕ್ಕೆ ಹನಿ ಬೀಳಬಾರದು. ಹೊಸಬ ಯಾರೇ ಬರಲಿ, ತುರ್ಭೆಯ ಆ ಹೋಟೆಲಿನಲ್ಲಿ ಮೊದಲ ದಿನ ಇದೇ ಪರೀಕ್ಷೆ. ಎಲ್ಲ ಕಡೆಯೂ ಇಷ್ಟು ಮಾಡಿಸುತ್ತಾರೆ. ಪೂವಪ್ಪನ ಹೆಚ್ಚುಗಾರಿಕೆ ಅಲ್ಲಿಂದ ಮುಂದಿನದು: ಉಗುರು ಒದ್ದೆಯಾಗಬಾರದು. ಬೆರಳು ಲೋಟದ ಒಳಗಿರಬೇಕು, ನೀರಿಗೆ ಮುಟ್ಟಬಾರದು. ಬೆರಳು ಅದ್ದಿದ ನೀರು ಕುಡಿಸಿದವನು ಸಪ್ಲಾಯರ್ ಅಲ್ಲ ಎಂದು ಅವನು ಎಷ್ಟು ಜನರಿಗೆ ಪಾಠ ಹೇಳಿದ್ದಾನೋ. ಮುಂಬಯಿಯ ಹೋಟೆಲುಗಳ ಬಗ್ಗೆ ಜನ ಆಡಿಕೊಂಡು ನಗುವುದೇ ಆ ಅದ್ದಿದ ಬೆರಳನ್ನಲ್ಲವೇ. ತನ್ನ ಬೆರಳನ್ನು ಯಾರೂ ಆಡಿಕೊಳ್ಳಲಿಲ್ಲ. ಈಗಿನವರು ಟ್ರೇ ಹಿಡಿದು ಮದುಮಗಳಂತೆ ನಡೆಯುತ್ತಾರೆ, ಅದರಲ್ಲಿ ವಿದ್ಯೆಯೇನು ಬಂತು. ಯಶ್ವಂತ ಕೂಡ ಟ್ರೇ ಕೇಳಿದ್ದ. ಈ ಯಶ್ವಂತ ಯಾಕೆ ನಡುವೆ ಬರುತ್ತಾನೋ. ಹನ್ನೆರಡು ವರ್ಷವಾಯಿತು. ಕಾರ್ಕಳದ ಕಡೆಯವನು, ಮೂವತ್ತೈದರ ಗಂಡಸು, ಮಾತು ಕಡಿಮೆ, ಬಂದ ಎರಡೇ ತಿಂಗಳಿಗೆ ಗಿರಾಕಿಗಳು ಅವನನ್ನು ಹೆಸರು ಹಿಡಿದು ಕರೆಯತೊಡಗಿದ್ದರು. ಮಧ್ಯಾಹ್ನದ ತುಂಬಿದ ಹೋಟೆಲಿನಲ್ಲಿ, ಹಳೆಯ ಧಣಿಗಳು ದುಡ್ಡಿನ ಗಲ್ಲದಲ್ಲಿ ಕೂತಿರುವಾಗ, ಪೂವಪ್ಪ ಅವನ ಮಣಿಕಟ್ಟು ಹಿಡಿದು ಮೇಲೆತ್ತಿ, "ಇವನ ಬೆರಳು ನೋಡಿ ಧಣಿ, ನೀರಲ್ಲಿತ್ತು," ಎಂದಿದ್ದ. ಬೆರಳ ತುದಿಯಿಂದ ಹನಿ ತೊಟ್ಟಿಕ್ಕಿತು. ಯಶ್ವಂತ ಬೆರಳನ್ನು ಅಂಗಿಯ ಎದೆಗೆ ಒರೆಸಿಕೊಂಡ. ಮರುದಿನದಿಂದ ಅವನನ್ನು ಪಾತ್ರೆ ತೊಳೆಯಲು ಹಾಕಿದರು. ಹದಿನೈದು ದಿನ ತೊಳೆದು ಹೋದವನು ಮತ್ತೆ ಬರಲಿಲ್ಲ. ತಪ್ಪು ಮಾಡಿದ್ದ, ಹೇಳಿದೆ. ಇಷ್ಟು ವರ್ಷಗಳಲ್ಲಿ ಈ ಮಾತನ್ನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಾನೆ. ನಿಜವಾದ ಮಾತನ್ನು ಅಷ್ಟು ಸಲ ಹೇಳಿಕೊಳ್ಳಬೇಕಾಗುತ್ತದೆಯೇ ಎಂಬ ಸಂಶಯ ಬರುವಷ್ಟರಲ್ಲಿ ತುರ್ಭೆ ಬಂತು.

ಸ್ಟೇಷನ್ನಿನಿಂದ ಹೋಟೆಲಿಗೆ ಹತ್ತು ನಿಮಿಷದ ನಡಿಗೆ. ಲಾರಿಗಳ ಸಂದಿಯಲ್ಲಿ, ಈರುಳ್ಳಿಯ ಮತ್ತು ಡೀಸೆಲಿನ ವಾಸನೆಯಲ್ಲಿ ನಡೆಯುತ್ತ ಪೂವಪ್ಪನ ಎದೆ ಅಗಲವಾಯಿತು. ಇದು ಅವನ ಊರು. ಹುಟ್ಟಿದ ಊರಿನ ದಾರಿ ಈಗ ಕೇಳಿಕೊಂಡು ಹೋಗಬೇಕು, ಇಲ್ಲಿನ ಗುಂಡಿಗಳು ಕಾಲಿಗೆ ಬಾಯಿಪಾಠ. ಗಲ್ಲದಲ್ಲಿ ಲಕ್ಷ್ಮೀಕಾಂತ ಕೂತಿದ್ದ, ಹಳೆಯ ಧಣಿಗಳ ಮಗ, ಒಳ್ಳೆಯವನು. ಒಳ್ಳೆಯವರೊಡನೆ ವ್ಯವಹಾರ ಕಷ್ಟ. ಅವರು ಇಲ್ಲ ಎನ್ನುವುದಿಲ್ಲ, ಇನ್ನೇನನ್ನೋ ಕೊಡುತ್ತಾರೆ.

"ಬಾ ಪೂವಣ್ಣ, ಕೂತ್ಕೋ. ಕೈ ಹೇಗುಂಟು?"

"ಕೂರ್ಲಿಕ್ಕೆ ಬಂದದ್ದಲ್ಲ. ಸೋಮವಾರದಿಂದ ಕೆಲಸಕ್ಕೆ ಬರ್ತೇನೆ."

"ಅದೇ ನಾನೂ ಹೇಳುವ ಅಂತಿದ್ದೆ. ನೀನು ಇಲ್ಲಿ ಗಲ್ಲದಲ್ಲಿ ಕೂರು ಮಾರಾಯ. ಕೂಪನ್ ಹರಿದು ಕೊಡುವುದು ಅಷ್ಟೇ. ಈ ಪ್ರಾಯದಲ್ಲಿ ಓಡಾಡುವುದು ಎಂತಕೆ? ಫ್ಯಾನ್ ಉಂಟು, ಕುರ್ಚಿ ಉಂಟು."

ಬೇರೆ ಯಾರಿಗಾದರೂ ಇದು ಬಡ್ತಿ. ಪೂವಪ್ಪನಿಗೆ ಮುಖಕ್ಕೆ ನೀರೆರಚಿದಂತಾಯಿತು. ಗಲ್ಲದಲ್ಲಿ ಕೂರಿಸುವುದೆಂದರೆ ಮುದಿ ಎತ್ತಿಗೆ ಹಟ್ಟಿಯಲ್ಲಿ ಹುಲ್ಲು ಹಾಕುವುದು. ಟೇಬಲ್ಲುಗಳ ನಡುವೆ ನಡೆಯದ ಪೂವಪ್ಪ ಯಾರು? ನೆರೂಳದ ಸೆಕ್ಟರಿನಲ್ಲಿ ಹಾಲಿಗೆ ಹೋಗುವ ಒಬ್ಬ ಮುದುಕ, ಜಯೇಶನ ಅಪ್ಪ, ಮದುವೆಯಲ್ಲಿ ಚಮಚ ಹಿಡಿದವನು. ಅವನು ಬಲಗೈ ಚಾಚಿದ. ಲಕ್ಷ್ಮೀಕಾಂತ ಹಸ್ತಲಾಘವವೆಂದು ತಿಳಿದು ತನ್ನ ಕೈ ಕೊಟ್ಟ. ಪೂವಪ್ಪ ಹಿಂಡಿದ. ಐದು ಬಿಲ್ಲೆಯ ಬಲ. ಲಕ್ಷ್ಮೀಕಾಂತನ ಹುಬ್ಬು ಗಂಟಿಕ್ಕಿತು, "ಬಿಡು ಮಾರಾಯ, ಬಿಡು," ಎಂದು ಕೈ ಎಳೆದುಕೊಂಡು ಜಾಡಿಸುತ್ತ ನಕ್ಕ. "ಇದೆಂತ, ಮೊದಲಿಗಿಂತ ಹೆಚ್ಚಾಗಿದೆಯಲ್ಲ."

"ನಾಲ್ಕು ಲೋಟ ತರ್ತೇನೆ. ನೀವು ನೋಡಿ. ಹನಿ ಬಿದ್ದರೆ ಗಲ್ಲದಲ್ಲಿ ಕೂರ್ತೇನೆ, ನಿಮ್ಮ ಫ್ಯಾನಿನ ಅಡಿ."

ಲಕ್ಷ್ಮೀಕಾಂತ ಒಪ್ಪಿದ. ಒಪ್ಪದೆ ಬೇರೆ ದಾರಿ ಇರಲಿಲ್ಲ, ಟ್ರೇ ಹಿಡಿದ ಸಪ್ಲಾಯರುಗಳಿಬ್ಬರು ಆಗಲೇ ನಿಂತು ನೋಡತೊಡಗಿದ್ದರು. ಊಟದ ಗದ್ದಲ ಇನ್ನೂ ಶುರುವಾಗಿರಲಿಲ್ಲ. ಕೊನೆಯ ಟೇಬಲ್ಲಿನಲ್ಲಿ ಮಾರ್ಕೆಟಿನ ಹಮಾಲರು ಮೂವರು ಕೂತಿದ್ದರು, ಅವರಲ್ಲಿ ಒಬ್ಬ ಭೀಮಶಾ, ಅಫಜಲಪುರದವನು, ಇಲ್ಲಿಯ ಹಳೆಯ ಗಿರಾಕಿ. ಪೂವಪ್ಪ ತಾನೇ ಲೋಟ ತೊಳೆದ, ತಾನೇ ನೀರು ತುಂಬಿಸಿದ, ನಾಲ್ಕನ್ನೂ ಒತ್ತಾಗಿ ಜೋಡಿಸಿದ, ಮೇಲಿನಿಂದ ಕೈ ಇಳಿಸಿ ಎತ್ತಿದ. ಎದ್ದವು. ಒಂದಕ್ಕೊಂದು ಅಂಟಿಕೊಂಡು, ಕಿಣಿ ಎನ್ನದೆ ಎದ್ದವು. ಮೊದಲ ಟೇಬಲ್ ದಾಟಿದ, ಎರಡನೆಯದು, ಮೂರನೆಯದರ ಬಳಿ ಕಾಲಿಗೆ ಅಡ್ಡ ಬಂದ ಕುರ್ಚಿಯನ್ನು ಸೊಂಟದಿಂದ ಸರಿಸಿದ. ಐದು ತಿಂಗಳಿಂದ ಅವನ ಮೈಯಲ್ಲಿ ಎಲ್ಲೋ ನಿಂತುಹೋಗಿದ್ದ ಒಂದು ಲಯ ಮತ್ತೆ ಪಾದಕ್ಕೆ ಬಂತು. ಸಂತೋಷ ಎನ್ನುವುದು ಇದೇ, ಇದಕ್ಕಿಂತ ಬೇರೆ ಯಾವುದೂ ಅಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಅನ್ನಿಸಿತು. ಕೊನೆಯದಾದ ಆರನೆಯ ಟೇಬಲ್ಲಿನ ಮೇಲೆ ನಾಲ್ಕೂ ಲೋಟ ಇಟ್ಟು ಕೈ ತೆಗೆದು ಹಿಂದೆ ನೋಡಿದ. ನೆಲ ಒಣಗಿತ್ತು. ಸಪ್ಲಾಯರುಗಳಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಗಲ್ಲದಿಂದ ಲಕ್ಷ್ಮೀಕಾಂತ, "ಸರಿ ಮಾರಾಯ, ಸೋಮವಾರ ಬಾ. ನಿನ್ನ ಹತ್ತಿರ ಯಾರಿಗೆ ಆಗ್ತದೆ," ಎಂದು ಕೂಗಿದ.

ಪೂವಪ್ಪ ಹಣೆಯ ಬೆವರು ಒರೆಸಿಕೊಳ್ಳಲು ಅದೇ ಕೈ ಎತ್ತಿದ. ಹಣೆಗೆ ತಣ್ಣಗಾಯಿತು. ಬೆವರು ಅಷ್ಟು ತಣ್ಣಗಿರುವುದಿಲ್ಲ. ಹುಬ್ಬಿನಿಂದ ಮೂಗಿನ ಪಕ್ಕಕ್ಕೆ ಹನಿಯೊಂದು ಇಳಿಯಿತು. ಕೈಯನ್ನು ಕಣ್ಣೆದುರಿಗೆ ಹಿಡಿದು ನೋಡಿದ: ತೋರುಬೆರಳು, ನಡುಬೆರಳು ಮೊದಲ ಗೆಣ್ಣಿನವರೆಗೆ ಒದ್ದೆ. ಉಗುರು ಒದ್ದೆಯಲ್ಲ, ಬೆರಳೇ ಒದ್ದೆ. ಅಷ್ಟು ದೂರ ನೀರಿನಲ್ಲಿ ಮುಳುಗಿಕೊಂಡೇ ಬಂದ ಬೆರಳುಗಳು ಅವನಿಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದು ಹಣೆ. ಹತ್ತು ಸಲ, ಇಪ್ಪತ್ತು ಸಲ, ಎರಡು ಬಿಲ್ಲೆ, ಐದು ಬಿಲ್ಲೆ, ಬಲ ತುಂಬಿದ್ದೇ ತುಂಬಿದ್ದು. ಒದ್ದೆ ಎಂಬುದು ತಿಳಿಯದ ಕೈಗೆ ಬಲ ತುಂಬಿದ್ದು. ಯಾರೂ ನೋಡಿರಲಿಲ್ಲ. ಎಲ್ಲರೂ ನೆಲವನ್ನು ನೋಡುತ್ತಿದ್ದರು, ಪರೀಕ್ಷೆ ಇದ್ದದ್ದು ನೆಲದ್ದು. ಸುಮ್ಮನಿದ್ದರೆ ಸೋಮವಾರ ಕೆಲಸ. ಇನ್ನು ಮುಂದೆ ನೀರನ್ನು ಎರಡು ಬೆರಳು ಕಡಿಮೆ ತುಂಬಿಸಿದರಾಯಿತು, ಕಣ್ಣಿನಿಂದ ನೋಡಿಕೊಂಡರಾಯಿತು, ರೆಪ್ಪೆಯ ಸಂದಿನಿಂದ. ಭೀಮಶಾ ಲೋಟಕ್ಕೆ ಕೈ ಚಾಚುತ್ತಿದ್ದ. ಇನ್ನೊಂದು ಉಸಿರು ಸುಮ್ಮನಿದ್ದರೆ ಅವನು ಕುಡಿದು ಮುಗಿಸುತ್ತಾನೆ, ಆ ನೀರಿನ ಜೊತೆ ವಿಷಯವೂ ಮುಗಿಯುತ್ತದೆ. ಪೂವಪ್ಪ ಎಡಗೈಯನ್ನು ಲೋಟದ ಬಾಯಿಗೆ ಅಡ್ಡ ಇಟ್ಟ.

"ಕುಡೀಬೇಡ. ಬೇರೆ ತಂದು ಕೊಡ್ತೇನೆ."

"ಯಾಕ್ರೀ ಕಾಕಾ?"

"ಬೆರಳು ಮುಟ್ಟಿದೆ."

ಭೀಮಶಾ ಅವನ ಮುಖ ನೋಡಿದ, ಅವನ ಬೆರಳು ನೋಡಿದ. ಮತ್ತೆ, ಮಗುವಿನ ಕೈಯನ್ನು ಸರಿಸುವಂತೆ ಪೂವಪ್ಪನ ಎಡಗೈಯನ್ನು ಮೆಲ್ಲಗೆ ಸರಿಸಿ, ಲೋಟ ಎತ್ತಿ ಅರ್ಧ ಕುಡಿದ.

"ಅದೇನ್ ಹೊಸಾದೇನ್ರೀ? ನಿಮ್ಮ ಬಟ್ಟು ಯಾವಾಗ್ಲೂ ನೀರಾಗೇ ಇರ್ತದಲ್ಲ. ನಾವೇನ್ ಬಟ್ಟು ಎಣಿಸ್ಕೋತ ಕುಂದ್ರೋ ಮಂದಿ ಅಲ್ಲ, ಕುಡೀತೀವಿ."

ಉಳಿದ ಇಬ್ಬರು ನಕ್ಕರು, ಅದರಲ್ಲಿ ಕುಹಕ ಇರಲಿಲ್ಲ.

"ಯಾವಾಗಿಂದ?" ಎಂದ ಪೂವಪ್ಪ. ತನ್ನ ದನಿ ತನಗೇ ದೂರದಿಂದ ಕೇಳಿತು.

"ನಾ ಬರ್ಲಿಕ್ಕತ್ತಿ ಹದಿನೈದು ವರ್ಷ ಆತು. ಮದಲಿಂದ್ಲೂ ಅದ. ಆದ್ರ ನೀವು ನಾಕ್ ಗ್ಲಾಸ್ ಹಿಡ್ಕೊಂಡ್ ಬರೋದು ನೋಡಾಕ ಭಾಳ ಚಂದ ರೀ ಕಾಕಾ. ಅದಕ್ಕ ಯಾರೂ ಏನೂ ಅನ್ನಲಿಲ್ಲ."

ಸುಳ್ಳು ಎನ್ನಲು ಪೂವಪ್ಪ ಬಾಯಿ ತೆರೆದ. ಸುಳ್ಳಲ್ಲ ಎಂಬುದಕ್ಕೆ ಸಾಕ್ಷಿ ಅವನ ಮೈಯಲ್ಲೇ ಇತ್ತು. ಲೋಟ ಇಟ್ಟ ಕೂಡಲೇ ಹೆಗಲ ಮೇಲಿನ ಬೈರಾಸು ಬಟ್ಟೆಗೆ ಬೆರಳು ಒರೆಸುವುದು ಅವನ ಅಭ್ಯಾಸ, ಮೂವತ್ತನಾಲ್ಕು ವರ್ಷದ್ದು. ಇವತ್ತು ಬೈರಾಸು ಇರಲಿಲ್ಲ, ಅದಕ್ಕೇ ಕೈ ಹಣೆಗೆ ಹೋದದ್ದು. ಒಣಗಿದ ಬೆರಳನ್ನು ಯಾವನಾದರೂ ದಿನಕ್ಕೆ ಇನ್ನೂರು ಸಲ ಒರೆಸುತ್ತಾನೆಯೇ? ಆಗ ನರ ಸರಿಯಿತ್ತು. ಆಗ ಬೆರಳು ಪ್ರತಿ ಸಲವೂ ಒದ್ದೆ, ಒದ್ದೆ ಎಂದು ಹೇಳಿರಬೇಕು. ಕೇಳಿಸಿಕೊಳ್ಳಬೇಕಾದವನು ಕೇಳಿಸಿಕೊಳ್ಳದೆ ಒರೆಸಿಬಿಟ್ಟಿದ್ದ. ಹಮಾಲರಿಗೆ ಗೊತ್ತಿತ್ತು, ಪಾತ್ರೆ ತೊಳೆಯುವವರಿಗೆ ಗೊತ್ತಿದ್ದಿರಬೇಕು, ಮಣಿಕಟ್ಟು ಹಿಡಿದು ಮೇಲೆತ್ತಿದ ಆ ಮಧ್ಯಾಹ್ನ ಯಶ್ವಂತನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನು ತನ್ನ ಬೆರಳನ್ನಷ್ಟೇ ಒರೆಸಿಕೊಂಡು ಸುಮ್ಮನಿದ್ದ. ಪೂವಪ್ಪನಿಗೆ ನಾಚಿಕೆಯಾಯಿತು. ಇಷ್ಟು ದೊಡ್ಡ ನಾಚಿಕೆ ಚಮಚ ಹಿಡಿದಾಗಲೂ ಆಗಿರಲಿಲ್ಲ.

"ಎಂತಾಯ್ತು ಪೂವಣ್ಣ? ಅಲ್ಲೇ ನಿಂತೆ?" ಎಂದು ಲಕ್ಷ್ಮೀಕಾಂತ ಗಲ್ಲದಿಂದ ಕೇಳಿದ.

ಪೂವಪ್ಪ ಬಲಗೈಯನ್ನು ಮೇಲೆತ್ತಿ ಹಿಡಿದ. ಗಲ್ಲಕ್ಕೆ, ಅಡುಗೆಮನೆಗೆ, ಟ್ರೇ ಹಿಡಿದವರಿಗೆ ಎಲ್ಲರಿಗೂ ಕಾಣುವಷ್ಟು ಮೇಲೆ. "ನನ್ನ ಬೆರಳು ನೋಡಿ ಧಣಿ, ನೀರಲ್ಲಿತ್ತು," ಎಂದ. "ಇವತ್ತು ಮಾತ್ರ ಅಲ್ಲ. ಮೊದಲಿಂದಲೂ."

ಲಕ್ಷ್ಮೀಕಾಂತ ಕುರ್ಚಿಯಿಂದ ಅರ್ಧ ಎದ್ದ. ಕೆಲಸ ಇನ್ನು ಇದೆಯೋ ಇಲ್ಲವೋ ಪೂವಪ್ಪನಿಗೆ ತಿಳಿಯಲಿಲ್ಲ, ಕೇಳಬೇಕೆಂದೂ ಅನ್ನಿಸಲಿಲ್ಲ. ಭೀಮಶಾ ಕಾಲಿನಿಂದ ನಾಲ್ಕನೆಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಆ ಹೋಟೆಲಿನಲ್ಲಿ ಗಿರಾಕಿಯ ಕುರ್ಚಿಯಲ್ಲಿ ಪೂವಪ್ಪ ಒಂದು ದಿನವೂ ಕೂತವನಲ್ಲ. ಕೂತ. ಮೂವರ ಟೇಬಲ್ಲಿಗೆ ತಂದಿದ್ದು ನಾಲ್ಕು ಲೋಟ, ಒಂದು ಮಿಕ್ಕಿತ್ತು. ಭೀಮಶಾ ಅದನ್ನು ಅವನ ಮುಂದಕ್ಕೆ ಸರಿಸಿ, "ಕುಡೀರಿ ಕಾಕಾ," ಎಂದ. ಪೂವಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಬೆರಳು ಅದ್ದಿದ ನೀರನ್ನು ಪೂರ್ತಿ ಕುಡಿದ.